ಬಿಟ್ಟುಹೋದವರನ್ನೂ ಲೆಕ್ಕಕ್ಕೆ ಹಿಡಿಯಿರಿ

ಪ್ರೊಬೇಷನ್ ಇಲಾಖೆಗಳ ಮುಖ್ಯಸ್ಥರಿಗೆ, ವಯಸ್ಕ ಲೈಂಗಿಕ ಅಪರಾಧಿಗಳ ಚಿಕಿತ್ಸಾ ಕಾರ್ಯಕ್ರಮಗಳಿಗೆ ಹಣ ಮಂಜೂರು ಮಾಡುವವರಿಗೆ, ಅವುಗಳ ವರದಿಗೆ ಸಹಿ ಹಾಕುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಮೇಜಿಗೆ ಬರುವ ಮೌಲ್ಯಮಾಪನ ವರದಿಗಳಲ್ಲಿ ಒಂದು ವಾಕ್ಯ ಹೆಚ್ಚುಕಡಿಮೆ ಇದೇ ರೂಪದಲ್ಲಿ ಇರುತ್ತದೆ: ‘ಕಾರ್ಯಕ್ರಮವನ್ನು ಪೂರ್ಣಗೊಳಿಸಿದವರಲ್ಲಿ ಶೇ 95ರಷ್ಟು ಮಂದಿ ಮತ್ತೆ ಲೈಂಗಿಕ ಅಪರಾಧ ಎಸಗಿಲ್ಲ.’ ಪತ್ರಿಕಾ ಪ್ರಕಟಣೆಗೆ ಹೋಗುವುದು ಇದೇ ವಾಕ್ಯ, ಮುಂದಿನ ವರ್ಷದ ಅನುದಾನಕ್ಕೆ ಆಧಾರವಾಗುವುದೂ ಇದೇ. ಈ ಪತ್ರದ ತಕರಾರು ಬಹುಪಾಲು ಅದರಲ್ಲಿರುವ ಒಂದು ಪದದ ಮೇಲೆ. ಅದು ‘ಪೂರ್ಣಗೊಳಿಸಿದವರಲ್ಲಿ’.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ನ್ಯಾಯಾಲಯ 200 ಮಂದಿಯನ್ನು ಪ್ರೊಬೇಷನ್ ಮೇಲೆ, ಅಂದರೆ ಜೈಲಿನ ಬದಲು ಷರತ್ತು ಮತ್ತು ನಿಗಾದಡಿ, ಬಿಟ್ಟು ಚಿಕಿತ್ಸೆಗೆ ಹಚ್ಚಿದೆ. 120 ಮಂದಿ ಕೊನೆಯವರೆಗೆ ಬಂದರು, 80 ಮಂದಿ ನಡುವೆ ಬಿಟ್ಟರು ಅಥವಾ ಹೊರಹಾಕಿಸಿಕೊಂಡರು. ಐದು ವರ್ಷಗಳಲ್ಲಿ ಮುಗಿಸಿದವರ ಪೈಕಿ 6 ಮಂದಿ, ಬಿಟ್ಟವರ ಪೈಕಿ 16 ಮಂದಿ ಮತ್ತೆ ಸಿಕ್ಕಿಬಿದ್ದರು. ಮುಗಿಸಿದವರಲ್ಲಿ ಮರುಅಪರಾಧ ಶೇ 5, ಬಿಟ್ಟವರಲ್ಲಿ ಶೇ 20. ಚಿಕಿತ್ಸೆಯೇ ಇಲ್ಲದ ಇನ್ನೊಂದು 200 ಮಂದಿಯ ಗುಂಪಿನಲ್ಲಿ 22 ಮಂದಿ, ಅಂದರೆ ಶೇ 11 ಎಂದಿಟ್ಟುಕೊಳ್ಳಿ. ವರದಿ ಏನೆನ್ನುತ್ತದೆ? ‘ಚಿಕಿತ್ಸೆಯಿಂದ ಮರುಅಪರಾಧ ಅರ್ಧಕ್ಕಿಂತ ಕೆಳಗಿಳಿದಿದೆ.’ ಆದರೆ ಚಿಕಿತ್ಸೆಗೆ ಹಚ್ಚಿದ 200 ಮಂದಿಯನ್ನೂ ಒಟ್ಟಿಗೆ ಎಣಿಸಿ ನೋಡಿ. 6ಕ್ಕೆ 16 ಸೇರಿದರೆ 22, ಅದೂ ಶೇ 11. ಕಾರ್ಯಕ್ರಮ ಯಾರನ್ನೂ ಬದಲಾಯಿಸಿಲ್ಲ. ಮೊದಲೇ ಕಡಿಮೆ ಅಪಾಯದವರನ್ನು ಒಂದು ಕಡೆಗೆ, ಹೆಚ್ಚು ಅಪಾಯದವರನ್ನು ಇನ್ನೊಂದು ಕಡೆಗೆ ಜರಡಿ ಹಿಡಿದಿದೆ, ಅಷ್ಟೇ. ಜರಡಿಗೆ ಚಿಕಿತ್ಸೆ ಎಂದು ಹೆಸರಿಟ್ಟು ಹಣ ಕೊಡುತ್ತಿದ್ದೇವೆ.

ನಡುವೆ ಬಿಡುವವರು ಅಡ್ಡಾದಿಡ್ಡಿಯಾಗಿ ಬಿಡುವುದಿಲ್ಲ. ಸ್ಥಿರ ಕೆಲಸವಿಲ್ಲದವರು, ಹಳೆಯ ಅಪರಾಧಗಳ ಪಟ್ಟಿ ಉದ್ದವಿರುವವರು, ನಿಯಮಕ್ಕೆ ಒಗ್ಗದವರು ಬೇಗ ಬಿಡುತ್ತಾರೆ. ಮರುಅಪರಾಧದ ಅಪಾಯ ಹೆಚ್ಚಿರುವುದೂ ಬಹುಮಟ್ಟಿಗೆ ಇವರಲ್ಲೇ. ಇವರ ಜೊತೆಗೆ ಶುಲ್ಕ ಕಟ್ಟಲಾಗದವರು, ರಾತ್ರಿ ಪಾಳಿಯ ಕೆಲಸದವರು, ಬಸ್ಸಿಲ್ಲದ ಕಡೆಯಿಂದ ಬರುವವರೂ ಬಿಡುತ್ತಾರೆ. ಕಡತದಲ್ಲಿ ಎಲ್ಲರ ಹೆಸರಿನ ಮುಂದೆಯೂ ಒಂದೇ ಷರಾ: ‘ಸಹಕರಿಸಲಿಲ್ಲ.’ ಮೂರು ಸೆಷನ್ ತಪ್ಪಿಸಿದ್ದಕ್ಕೆ ಹೊರಬಿದ್ದವನನ್ನೂ ಸಂತ್ರಸ್ತೆಯ ಮನೆಯ ಸುತ್ತ ಸುಳಿದಾಡಿದ್ದಕ್ಕೆ ಹೊರಬಿದ್ದವನನ್ನೂ ಇದು ಒಂದೇ ಖಾನೆಗೆ ತಳ್ಳುತ್ತದೆ. ಆಮೇಲೆ ಯಾವ ವಿಶ್ಲೇಷಕನೂ ಅವರನ್ನು ಬೇರ್ಪಡಿಸಲಾರ.

ಇದು ಕೇವಲ ಕಾಗದದ ಮೇಲಿನ ಆತಂಕವಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ 1985ರಿಂದ 1995ರವರೆಗೆ ಅಟಾಸ್ಕಡೆರೋ ಆಸ್ಪತ್ರೆಯಲ್ಲಿ ನಡೆಸಿದ ಕಾರ್ಯಕ್ರಮ ಈ ಕ್ಷೇತ್ರದ ಅಪರೂಪದ ಪ್ರಯೋಗ. ಚಿಕಿತ್ಸೆಗೆ ಒಪ್ಪಿದ ಕೈದಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಚಿಕಿತ್ಸೆ ಕೊಟ್ಟರು. ಒಪ್ಪದವರದು ಮೂರನೇ ಗುಂಪು. ಒಟ್ಟು 704 ಮಂದಿ. 2005ರಲ್ಲಿ ಅಂತಿಮ ಫಲಿತಾಂಶ ಪ್ರಕಟವಾದಾಗ ಮೂರೂ ಗುಂಪುಗಳಲ್ಲಿ ಸುಮಾರು ಐವರಲ್ಲಿ ಒಬ್ಬರು ಮತ್ತೆ ಲೈಂಗಿಕ ಅಪರಾಧ ಎಸಗಿದ್ದರು, ಗಣನೀಯ ವ್ಯತ್ಯಾಸ ಇರಲಿಲ್ಲ. ಆದರೆ ಚಿಕಿತ್ಸೆ ಪಡೆದವರೊಳಗೇ ಕಾರ್ಯಕ್ರಮದ ಗುರಿಗಳನ್ನು ಚೆನ್ನಾಗಿ ಮುಟ್ಟಿದವರನ್ನಷ್ಟೇ ತೆಗೆದು ನೋಡಿದರೆ ಅವರ ಮರುಅಪರಾಧ ಕಡಿಮೆ ಇತ್ತು. ಹೋಲಿಕೆ ಗುಂಪು ಇಲ್ಲದಿದ್ದರೆ ಅದೇ ಕಾರ್ಯಕ್ರಮ ಯಶಸ್ಸಿನ ಕಥೆಯಾಗಿ ಹೊರಬರುತ್ತಿತ್ತು. ಸೋಲನ್ನು ಮುಚ್ಚಿಡದೆ ಪ್ರಕಟಿಸಿದ ಆ ತಂಡಕ್ಕೆ ಈ ಕ್ಷೇತ್ರ ಋಣಿಯಾಗಿರಬೇಕು.

ಇಂಗ್ಲೆಂಡ್ ಮತ್ತು ವೇಲ್ಸ್‌ನ ಜೈಲುಗಳಲ್ಲಿ 1990ರ ದಶಕದಿಂದ ನಡೆದ ಕೋರ್ ಎಸ್‌ಒಟಿಪಿ (ಲೈಂಗಿಕ ಅಪರಾಧಿಗಳ ಚಿಕಿತ್ಸಾ ಕಾರ್ಯಕ್ರಮ ಎಂಬುದರ ಇಂಗ್ಲಿಷ್ ಹ್ರಸ್ವರೂಪ) ಎಂಬ ಗುಂಪು ಚಿಕಿತ್ಸೆಯ ಕಥೆ ಇನ್ನೂ ಕಹಿ. ಅಲ್ಲಿನ ನ್ಯಾಯ ಸಚಿವಾಲಯ 2017ರಲ್ಲಿ ಪ್ರಕಟಿಸಿದ ಮೌಲ್ಯಮಾಪನದಲ್ಲಿ ಚಿಕಿತ್ಸೆ ಪಡೆದ 2,562 ಮಂದಿಯನ್ನು ಪಡೆಯದ 13,219 ಮಂದಿಯ ಜೊತೆ ಹೋಲಿಸಲಾಯಿತು. ಸರಾಸರಿ 8.2 ವರ್ಷಗಳ ಅವಧಿಯಲ್ಲಿ ಲೈಂಗಿಕ ಮರುಅಪರಾಧ ಚಿಕಿತ್ಸೆ ಪಡೆದವರಲ್ಲಿ ಶೇ 10, ಪಡೆಯದವರಲ್ಲಿ ಶೇ 8. ಕಾರ್ಯಕ್ರಮವನ್ನು ಕೈಬಿಟ್ಟು ಹೊಸದನ್ನು ತಂದರು. ಆ ಮೌಲ್ಯಮಾಪನ ಚೀಟಿ ಎತ್ತಿ ಮಾಡಿದ ಪ್ರಯೋಗವಲ್ಲ, ಗುಂಪುಗಳನ್ನು ಸರಿಹೊಂದಿಸಿದ ಕ್ರಮದ ಬಗ್ಗೆ ತಜ್ಞರಲ್ಲಿ ವಾದವಿದೆ, ನಿಜ. ಆದರೂ ಇಷ್ಟು ವರ್ಷ, ಇಷ್ಟು ಜೈಲುಗಳಲ್ಲಿ ನಡೆದ ಒಂದು ಕಾರ್ಯಕ್ರಮ ಫಲ ಕೊಡುತ್ತಿದೆಯೇ ಎಂದು ಇಷ್ಟು ದೊಡ್ಡದಾಗಿ ಕೇಳಲು ಎರಡು ದಶಕಕ್ಕೂ ಹೆಚ್ಚು ಬೇಕಾಯಿತು.

ಹಾಗಾದರೆ ಚಿಕಿತ್ಸೆ ವ್ಯರ್ಥವೇ? ಅಲ್ಲ. ಹಾಗೆ ಓದಿಕೊಂಡು ಅನುದಾನ ನಿಲ್ಲಿಸುವವರಿಗೆ ಈ ಪತ್ರ ನೆಪವಾಗಬಾರದು. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದ ಪರಿಶೀಲನೆಗಳು ಬೇರೆ ಚಿತ್ರ ಕೊಡುತ್ತವೆ. ಸಂಶೋಧಕರಾದ ಶ್ಮುಕ್ಕರ್ ಮತ್ತು ಲೋಸೆಲ್ 2015ರಲ್ಲಿ ಗಟ್ಟಿ ವಿನ್ಯಾಸದ ಅಧ್ಯಯನಗಳನ್ನಷ್ಟೇ ಆರಿಸಿ, ಹತ್ತು ಸಾವಿರಕ್ಕೂ ಹೆಚ್ಚು ಮಂದಿಯ ದತ್ತಾಂಶ ನೋಡಿದಾಗ ಮರುಅಪರಾಧ ಚಿಕಿತ್ಸೆ ಪಡೆದವರಲ್ಲಿ ಶೇ 10.1, ಪಡೆಯದವರಲ್ಲಿ ಶೇ 13.7 ಇತ್ತು. 2019ರಲ್ಲಿ ಗ್ಯಾನನ್ ಮತ್ತು ಸಂಗಡಿಗರ ಪರಿಶೀಲನೆಯಲ್ಲಿ ಈ ಅಂಕಿಗಳು ಶೇ 9.5 ಮತ್ತು ಶೇ 14.1. ವ್ಯತ್ಯಾಸ ಸಣ್ಣದು, ಆದರೆ ಇದೆ, ಮತ್ತು ಎಲ್ಲೆಡೆ ಒಂದೇ ತೆರನಾಗಿಲ್ಲ. ಹ್ಯಾನ್ಸನ್ ತಂಡ 2009ರಲ್ಲಿ ತೋರಿಸಿದಂತೆ, ಹೆಚ್ಚು ಅಪಾಯದವರಿಗೆ ಹೆಚ್ಚು ಸಮಯ ಕೊಟ್ಟು, ಅಪರಾಧಕ್ಕೆ ನಿಜಕ್ಕೂ ನಂಟಿರುವ ಅಂಶಗಳನ್ನು ಹಿಡಿದು, ಆ ವ್ಯಕ್ತಿಗೆ ಅರ್ಥವಾಗುವ ರೀತಿಯಲ್ಲಿ ನಡೆದ ಕಾರ್ಯಕ್ರಮಗಳಲ್ಲಿ ಪರಿಣಾಮ ಹೆಚ್ಚು. ಅಂದಮೇಲೆ ‘ಚಿಕಿತ್ಸೆ ಫಲ ಕೊಡುತ್ತದೆಯೇ’ ಎಂಬ ಸಾಮಾನ್ಯ ಪ್ರಶ್ನೆಯಿಂದ ನಿಮಗೆ ಉಪಯೋಗವಿಲ್ಲ. ನೀವು ಹಣ ಕೊಡುತ್ತಿರುವ ಈ ಕಾರ್ಯಕ್ರಮ, ಈ ಜನರ ಮೇಲೆ, ಈಗ ನಡೆಯುತ್ತಿರುವ ರೀತಿಯಲ್ಲಿ ಫಲ ಕೊಡುತ್ತಿದೆಯೇ? ಅದಕ್ಕೆ ಉತ್ತರ ಬೇಕಾದರೆ ಲೆಕ್ಕ ಸರಿಯಿರಬೇಕು.

ಲೆಕ್ಕ ತಪ್ಪುವುದು ಬಿಟ್ಟವರ ವಿಷಯದಲ್ಲಿ ಮಾತ್ರವಲ್ಲ. ಹೋಲಿಕೆ ಗುಂಪು ಹೇಗೆ ಹುಟ್ಟುತ್ತದೆ ನೋಡಿ. ಆರೋಪವನ್ನೇ ಒಪ್ಪದವರನ್ನು ಚಿಕಿತ್ಸಾ ತಂಡ ಪ್ರವೇಶದಲ್ಲೇ ವಾಪಸು ಕಳಿಸುತ್ತದೆ. ಭಾಷೆ ಬಾರದವರು, ಬುದ್ಧಿಮಾಂದ್ಯರು, ಕುಡಿತ ಬಿಡದವರೂ ಹಾಗೆಯೇ ಹೊರಗುಳಿಯುತ್ತಾರೆ. ವರ್ಷ ಕಳೆದ ಮೇಲೆ ಮೌಲ್ಯಮಾಪಕ ಬಂದು ‘ಚಿಕಿತ್ಸೆ ಪಡೆಯದವರು ಯಾರಾದರೂ ಇದ್ದಾರೆಯೇ’ ಎಂದು ಕೇಳಿದರೆ ಇದೇ ತಿರಸ್ಕೃತರ ಪಟ್ಟಿ ಕೈಗೆ ಬರುತ್ತದೆ. ಹೋಲಿಕೆ ಗುಂಪನ್ನು ಕಾರ್ಯಕ್ರಮ ಶುರುವಾಗುವ ಮೊದಲೇ ಕಟ್ಟಬೇಕು. ಜಾಗಕ್ಕಿಂತ ಅರ್ಹರು ಹೆಚ್ಚಿರುವಲ್ಲಿ ಚೀಟಿ ಎತ್ತುವುದೇ ನ್ಯಾಯವಾದ ಹಂಚಿಕೆ, ಅದರಿಂದ ಅನ್ಯಾಯವಾಗುತ್ತದೆ ಎಂಬ ಮಾತಿಗೆ ಹುರುಳಿಲ್ಲ. ಅದು ಆಗದಿದ್ದರೆ ಕಾರ್ಯಕ್ರಮ ಇನ್ನೂ ತಲುಪದ ಪಕ್ಕದ ಕಚೇರಿಯವರನ್ನು ಅದೇ ಅಪಾಯ ಅಂಕದ ಮೇಲೆ ಹೊಂದಿಸಿಕೊಳ್ಳಬಹುದು. ಮರುಅಪರಾಧದ ಅಪಾಯ ಅಳೆಯುವ ಸ್ಟ್ಯಾಟಿಕ್-99ರಂಥ ಹತ್ತು ಅಂಶಗಳ ಪಟ್ಟಿಯನ್ನು ಕಡತ ನೋಡಿಯೇ ತುಂಬಬಹುದು, ವ್ಯಕ್ತಿ ಎದುರಿಗಿರಬೇಕೆಂದಿಲ್ಲ. ಆದರೆ ಅಂಕ ಹಾಕುವವರಿಗೆ ತರಬೇತಿ ಇರಬೇಕು. ಇಬ್ಬರು ಬೇರೆಬೇರೆಯಾಗಿ ಅಂಕ ಹಾಕಿದಾಗ ಎಷ್ಟು ಹೊಂದುತ್ತದೆ ಎಂಬುದನ್ನು ಕೆಲವು ಕಡತಗಳಲ್ಲಾದರೂ ಪರೀಕ್ಷಿಸಿ ಬರೆದಿಡಬೇಕು.

ಗಡಿಯಾರದ ಸಮಸ್ಯೆ ಇನ್ನೊಂದು. ಚಿಕಿತ್ಸೆ ಮುಗಿದ ದಿನದಿಂದ ಎಣಿಸಿದರೆ, ಚಿಕಿತ್ಸೆ ನಡೆಯುತ್ತಿದ್ದಾಗಲೇ ಅಪರಾಧ ಎಸಗಿದವನು ಲೆಕ್ಕದಿಂದಲೇ ಮಾಯ. ಹೋಲಿಕೆ ಗುಂಪಿನವರ ಗಡಿಯಾರ ಬಿಡುಗಡೆಯ ದಿನದಿಂದಲೇ ಓಡುತ್ತಿರುತ್ತದೆ. ಎರಡೂ ಗುಂಪುಗಳಿಗೆ ಒಂದೇ ಆರಂಭ ಬೇಕು: ಸಮಾಜದಲ್ಲಿ ಓಡಾಡಲು ಶುರು ಮಾಡಿದ ದಿನ. ನಡುವೆ ಬೇರೆ ಪ್ರಕರಣದಲ್ಲಿ ಎಂಟು ತಿಂಗಳು ಜೈಲಿನಲ್ಲಿದ್ದರೆ ಆ ಎಂಟು ತಿಂಗಳು ಕಳೆಯಬೇಕು, ಜೈಲಿನೊಳಗಿದ್ದವನು ಹೊರಗೆ ‘ಸನ್ನಡತೆ’ ತೋರಿದ ಎನ್ನಲಾಗದು. ಒಂದು ವರ್ಷ, ಎರಡು ವರ್ಷ ನೋಡಿ ವರದಿ ಬರೆಯುವುದೂ ಸಲ್ಲದು. ದೂರು ತಡವಾಗಿ ಬರುತ್ತದೆ, ತನಿಖೆ ಮತ್ತು ವಿಚಾರಣೆ ಇನ್ನೂ ತಡ. ಶಿಕ್ಷೆಯಾದ ಪ್ರಕರಣಗಳನ್ನಷ್ಟೇ ಎಣಿಸುವುದಾದರೆ, ಕೊನೆಯ ಒಂದೆರಡು ವರ್ಷಗಳ ಅಪರಾಧ ಇನ್ನೂ ನ್ಯಾಯಾಲಯದ ಮೆಟ್ಟಿಲ ಮೇಲೇ ಇರುತ್ತದೆ. ಐದು ವರ್ಷಕ್ಕಿಂತ ಕಡಿಮೆ ಅವಧಿಯ ವರದಿಯನ್ನು ‘ಮಧ್ಯಂತರ’ ಎಂದೇ ಕರೆಯಿರಿ.

ಮತ್ತೆ, ಸಂಖ್ಯೆ. ಲೈಂಗಿಕ ಮರುಅಪರಾಧದ ದಾಖಲಿತ ಪ್ರಮಾಣ ಜನ ಅಂದುಕೊಂಡಷ್ಟು ದೊಡ್ಡದಲ್ಲ. ಹ್ಯಾನ್ಸನ್ ಮತ್ತು ಮಾರ್ಟನ್-ಬೋರ್ಗಾನ್ 2005ರಲ್ಲಿ 82 ಅಧ್ಯಯನಗಳನ್ನು ಒಗ್ಗೂಡಿಸಿದಾಗ ಐದಾರು ವರ್ಷಗಳಲ್ಲಿ ಕಂಡದ್ದು ಸುಮಾರು ಶೇ 13.7. ಅದನ್ನು ಶೇ 14ರಿಂದ ಶೇ 10ಕ್ಕೆ ಇಳಿಸುವ ಒಳ್ಳೆಯ ಕಾರ್ಯಕ್ರಮವೊಂದು ನಿಮ್ಮಲ್ಲಿದೆ ಎನ್ನಿ. ಆ ಇಳಿಕೆಯನ್ನು ಶೇ 80ರ ಭರವಸೆಯಿಂದ ಗುರುತಿಸಲು ಪ್ರತಿ ಗುಂಪಿನಲ್ಲೂ ಸಾವಿರಕ್ಕೂ ಮೇಲ್ಪಟ್ಟು ಜನ ಬೇಕು. ಒಂದು ಜಿಲ್ಲೆಯ 90 ಮಂದಿಯ ಮೇಲೆ ಮಾಡಿದ ಅಧ್ಯಯನ ‘ಪರಿಣಾಮ ಕಂಡುಬಂದಿಲ್ಲ’ ಎಂದರೆ ಪರಿಣಾಮ ಇಲ್ಲವೆಂದು ಅರ್ಥವಲ್ಲ, ಕಾಣುವಷ್ಟು ಬೆಳಕಿರಲಿಲ್ಲ ಎಂದರ್ಥ. ಸಣ್ಣ ಕಚೇರಿಗಳು ಒಂದೇ ನಮೂನೆಯಲ್ಲಿ ದಾಖಲಿಸಿ, ದತ್ತಾಂಶ ಒಟ್ಟುಗೂಡಿಸದೆ ಬೇರೆ ದಾರಿಯಿಲ್ಲ.

ಇನ್ನು ಪ್ರೊಬೇಷನ್ ಕಚೇರಿಯೊಳಗೆ ಬರೋಣ. ಭೇಟಿಯ ಟಿಪ್ಪಣಿ ಹೀಗಿರುತ್ತದೆ: ‘ಹಾಜರಾದರು. ವಿಳಾಸ ಬದಲಾಗಿಲ್ಲ. ಕೆಲಸಕ್ಕೆ ಹೋಗುತ್ತಿದ್ದಾರೆ. ಚಿಕಿತ್ಸೆ ಮುಂದುವರಿದಿದೆ. ಮುಂದಿನ ಭೇಟಿ 30 ದಿನಗಳ ನಂತರ.’ ಮುಂದಿನ ತಿಂಗಳ ಟಿಪ್ಪಣಿಯಲ್ಲಿ ದಿನಾಂಕ ಬಿಟ್ಟರೆ ಉಳಿದದ್ದೆಲ್ಲ ಅಕ್ಷರಶಃ ಅದೇ. ಹೆಂಡತಿ ಮನೆ ಬಿಟ್ಟು ಹೋದದ್ದು, ಕುಡಿತ ಮತ್ತೆ ಶುರುವಾದದ್ದು, ಚಿಕ್ಕ ಮಕ್ಕಳಿರುವ ಹೊಸ ಸಂಗಾತಿಯ ಮನೆಗೆ ವಾರಾಂತ್ಯದಲ್ಲಿ ಹೋಗುತ್ತಿರುವುದು ಅಲ್ಲಿಲ್ಲ. ಚಿಕಿತ್ಸಕರಿಗೆ ಇದರಲ್ಲಿ ಒಂದೆರಡು ಗೊತ್ತಿರುತ್ತದೆ, ಆದರೆ ಅವರ ಮಾಸಿಕ ವರದಿಯಲ್ಲಿ ‘ಪ್ರಗತಿ ತೃಪ್ತಿಕರ’ ಎಂಬ ಖಾನೆಗೆ ಗುರುತು ಹಾಕಿರುತ್ತದೆ. ಇಬ್ಬರ ನಡುವೆ ಫೋನ್ ಮಾತು ನಡೆದ ದಾಖಲೆಯೇ ಇಲ್ಲ. ಕೆನಡಾದ ಮನಿಟೋಬಾದಲ್ಲಿ ಬೊಂಟಾ ಮತ್ತು ಸಂಗಡಿಗರು ಅಧಿಕಾರಿಗಳ ಭೇಟಿಗಳನ್ನು ಧ್ವನಿಮುದ್ರಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದೂ ಇದನ್ನೇ: ಮಾತಿನ ಬಹುಪಾಲು ಷರತ್ತುಗಳ ಸುತ್ತ ಸುತ್ತುತ್ತದೆ, ಅಪರಾಧಕ್ಕೆ ದೂಡುವ ಮನೋಭಾವ, ಸಹವಾಸಗಳ ಬಳಿಗೆ ವಿರಳವಾಗಿ ಹೋಗುತ್ತದೆ. ಅಧಿಕಾರಿಗಳು ಸೋಮಾರಿಗಳೆಂದಲ್ಲ. ಕೈಯಲ್ಲಿ ನೂರು ಕಡತ ಇಟ್ಟುಕೊಂಡವರಿಂದ ಹಾಜರಿ ಬಿಟ್ಟು ಬೇರೇನನ್ನು ನಿರೀಕ್ಷಿಸುತ್ತೀರಿ?

ನಿಗಾ ಬಿಗಿಯಾದಷ್ಟೂ ಉಲ್ಲಂಘನೆ ಹೆಚ್ಚು ಸಿಗುತ್ತದೆ. ರ‍್ಯಾಂಡ್ ಸಂಶೋಧನಾ ಸಂಸ್ಥೆಯ ಪೀಟರ್ಸಿಲಿಯಾ ಮತ್ತು ಟರ್ನರ್ ಅಮೆರಿಕದ 14 ಕಡೆ ತೀವ್ರ ನಿಗಾ ಕಾರ್ಯಕ್ರಮಗಳನ್ನು ಚೀಟಿ ಹಂಚಿಕೆಯಿಂದ ಪರೀಕ್ಷಿಸಿ 1993ರಲ್ಲಿ ವರದಿ ಮಾಡಿದರು. ಅವು ಲೈಂಗಿಕ ಅಪರಾಧಿಗಳಿಗೆಂದೇ ಮಾಡಿದವಲ್ಲ, ಆದರೆ ಪಾಠ ಇಲ್ಲಿಗೂ ಸಲ್ಲುತ್ತದೆ. ಷರತ್ತು ಉಲ್ಲಂಘನೆ ತೀವ್ರ ನಿಗಾದವರಲ್ಲಿ ಶೇ 65, ಸಾಮಾನ್ಯ ನಿಗಾದವರಲ್ಲಿ ಶೇ 38. ಹೊಸ ಬಂಧನಗಳಲ್ಲಿ ಮಾತ್ರ ಇಳಿಕೆ ಕಾಣಲಿಲ್ಲ. ಪಾಲಿಗ್ರಾಫ್ (ಸುಳ್ಳುಪತ್ತೆ) ಪರೀಕ್ಷೆಯದೂ ಇದೇ ಜಾಡು. ಪರೀಕ್ಷೆ ಇದೆಯೆಂದಾಗ ಬಾಯಿಬಿಡುವುದು ಹೆಚ್ಚುತ್ತದೆ, ಬಾಯಿಬಿಟ್ಟದ್ದು ಉಲ್ಲಂಘನೆಯಾಗಿ ದಾಖಲಾಗುತ್ತದೆ. ಅಂದರೆ ಕೆಲಸ ಸರಿಯಾಗಿ ಮಾಡುವ ಕಚೇರಿ ಕಾಗದದ ಮೇಲೆ ಕೆಟ್ಟದಾಗಿ ಕಾಣುತ್ತದೆ, ಕಣ್ಣುಮುಚ್ಚಿ ಕೂತ ಕಚೇರಿಯ ಅಂಕಿ ಥಳಥಳ ಹೊಳೆಯುತ್ತದೆ. ಹೊಸ ಲೈಂಗಿಕ ಅಪರಾಧ, ಹೊಸ ಹಿಂಸಾಪರಾಧ, ಇತರ ಅಪರಾಧ, ಷರತ್ತು ಉಲ್ಲಂಘನೆ ಈ ನಾಲ್ಕನ್ನೂ ಬೇರೆಬೇರೆ ಎಣಿಸಿ. ‘ವೈಫಲ್ಯ’ ಎಂಬ ಒಂದೇ ಚೀಲಕ್ಕೆ ತುಂಬಬೇಡಿ.

ಚಿಕಿತ್ಸೆಯ ಕೋಣೆಯೊಳಗೆ ಏನು ನಡೆಯುತ್ತದೆ ಎಂಬುದು ಮೌಲ್ಯಮಾಪನದಲ್ಲಿ ಎಲ್ಲಕ್ಕಿಂತ ತೆಳುವಾದ ಭಾಗ. ಕೈಪಿಡಿಯಲ್ಲಿ ವಾರಕ್ಕೆ ಎರಡು ಗಂಟೆ, ಎಂಟರಿಂದ ಹತ್ತು ಮಂದಿ, ಇಬ್ಬರು ಚಿಕಿತ್ಸಕರು ಎಂದು ಬರೆದಿದೆ ಎನ್ನಿ. ಹದಿನಾಲ್ಕು ಮಂದಿ, ಒಬ್ಬರೇ ಚಿಕಿತ್ಸಕರು, ಹಾಜರಿ ತೆಗೆದು ಎಲ್ಲರೂ ‘ಈ ವಾರ ಹೇಗಿತ್ತು’ ಎಂದು ಹೇಳಿ ಮುಗಿಸುವಷ್ಟರಲ್ಲಿ ಒಂದು ಗಂಟೆ ಹೋಗಿದ್ದರೆ ಅದು ಕೈಪಿಡಿಯ ಚಿಕಿತ್ಸೆಯಲ್ಲ. ಕೈಪಿಡಿ ಸರಿಯಿದ್ದರೂ ವಿಷಯ ತಪ್ಪಿರಬಹುದು. ತಪ್ಪೊಪ್ಪಿಸುವುದಕ್ಕೆ, ಸಂತ್ರಸ್ತರ ಬಗ್ಗೆ ಅನುಕಂಪ ಹುಟ್ಟಿಸುವುದಕ್ಕೆ ತಿಂಗಳುಗಟ್ಟಲೆ ಮೀಸಲಿಡುವ ಕಾರ್ಯಕ್ರಮಗಳಿವೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಮೇಲೆ ಹೇಳಿದ ಹ್ಯಾನ್ಸನ್ ಮತ್ತು ಮಾರ್ಟನ್-ಬೋರ್ಗಾನ್ ಅವರ 2005ರ ಪರಿಶೀಲನೆಯಲ್ಲಿ ಅಪರಾಧ ನಿರಾಕರಣೆ, ಅನುಕಂಪದ ಕೊರತೆ ಇವೆರಡಕ್ಕೂ ಮರುಅಪರಾಧಕ್ಕೂ ಹೇಳಿಕೊಳ್ಳುವಂಥ ನಂಟು ಸಿಗಲಿಲ್ಲ. ನಂಟು ಸಿಕ್ಕಿದ್ದು ವಿಕೃತ ಲೈಂಗಿಕ ಆಸಕ್ತಿ, ಲೈಂಗಿಕ ವಿಷಯಗಳಲ್ಲೇ ಮುಳುಗಿರುವುದು, ಆತ್ಮನಿಯಂತ್ರಣದ ಕೊರತೆ, ಸಮಾಜವಿರೋಧಿ ಸ್ವಭಾವ ಇಂಥವಕ್ಕೆ. ಚೆನ್ನಾಗಿ ಅಳುವವನಿಗೆ ಪ್ರಮಾಣಪತ್ರ ಕೊಡುವ ಪದ್ಧತಿ ನಿಲ್ಲಬೇಕು. ಗ್ಯಾನನ್ ತಂಡ ಕಂಡ ಇನ್ನೊಂದು ಅಂಶವೂ ಆಡಳಿತಕ್ಕೆ ನೇರ ಸಂಬಂಧಿಸಿದ್ದು: ಅರ್ಹ ಮನಶ್ಶಾಸ್ತ್ರಜ್ಞರು ಸತತವಾಗಿ ಜೊತೆಗಿದ್ದ, ಸಿಬ್ಬಂದಿಗೆ ವೃತ್ತಿ ಮೇಲ್ವಿಚಾರಣೆ ಸಿಕ್ಕ ಕಾರ್ಯಕ್ರಮಗಳಲ್ಲಿ ಫಲ ಹೆಚ್ಚು. ವೆಚ್ಚ ಕಡಿತದಲ್ಲಿ ಮೊದಲು ಹೋಗುವ ಸಾಲುಗಳೂ ಇವೇ.

ವಾಸದ ನಿರ್ಬಂಧಗಳ ಬಗ್ಗೆ ಒಂದೇ ಮಾತು. ಶಾಲೆ, ಉದ್ಯಾನಗಳಿಂದ ಇಷ್ಟು ದೂರ ಎಂದು ಗೆರೆ ಎಳೆಯುವುದು ಜನಪ್ರಿಯ ಕ್ರಮ. ಅಮೆರಿಕದ ಮಿನೆಸೋಟದಲ್ಲಿ ಮರುಅಪರಾಧ ಎಸಗಿದ 224 ಪ್ರಕರಣಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ ಅಂಥ ನಿರ್ಬಂಧದಿಂದ ತಪ್ಪುತ್ತಿತ್ತು ಎನ್ನಬಹುದಾದದ್ದು ಒಂದೂ ಇರಲಿಲ್ಲ. ಸಂತ್ರಸ್ತರ ಪೈಕಿ ಹೆಚ್ಚಿನವರು ಮೊದಲೇ ಪರಿಚಯವಿದ್ದವರು, ಅಪಾಯ ಬರುವುದು ಮನೆಯ ಬಾಗಿಲಿನಿಂದಲೇ. ಮನೆ ಸಿಗದೆ ಅಲೆಯುವವನ ಮೇಲೆ ನಿಗಾ ಇಡುವುದು ಇನ್ನೂ ಕಷ್ಟ.

ಅಧಿಕಾರಿಗಳ ಸಮಯ ಎಲ್ಲಿಂದ ಬರಬೇಕು ಎಂದು ಕೇಳುತ್ತೀರಿ. ಹ್ಯಾನ್ಸನ್ ಮತ್ತು ಸಂಗಡಿಗರು 2014ರಲ್ಲಿ 7,740 ಮಂದಿಯ ದತ್ತಾಂಶ ನೋಡಿದಾಗ, ಹೆಚ್ಚು ಅಪಾಯದವರೆಂದು ಗುರುತಿಸಿದವರಲ್ಲಿ ಬಿಡುಗಡೆಯಾದ ಐದು ವರ್ಷಗಳೊಳಗಿನ ಲೈಂಗಿಕ ಮರುಅಪರಾಧ ಶೇ 22 ಇತ್ತು. ಅದೇ ವರ್ಗದವರಲ್ಲಿ ಹತ್ತು ವರ್ಷ ಸಮಾಜದಲ್ಲಿದ್ದೂ ಮತ್ತೆ ಲೈಂಗಿಕ ಅಪರಾಧ ಎಸಗದವರನ್ನು ಮುಂದೆ ಐದು ವರ್ಷ ನೋಡಿದರೆ ಶೇ 4.2. ಏಳೆಂಟು ವರ್ಷ ಯಾವ ತಕರಾರೂ ಇಲ್ಲದವನನ್ನು ಪ್ರತಿ ತಿಂಗಳು ಕರೆಸಿ ವಿಳಾಸ ಕೇಳುವ ಹೊತ್ತನ್ನು, ಮೊನ್ನೆ ಬಿಡುಗಡೆಯಾದವನ ಮೊದಲ ಎರಡು ವರ್ಷಗಳಿಗೆ ತಿರುಗಿಸಿ.

ಇಷ್ಟೆಲ್ಲ ಅಂಕಿಗಳೂ ದಾಖಲಾದ ಅಪರಾಧದವು. ದೂರು ಕೊಡದವರೇ ಹೆಚ್ಚು, ಹಾಗಾಗಿ ನಿಜವಾದ ಪ್ರಮಾಣ ಇದಕ್ಕಿಂತ ಮೇಲೆಯೇ ಇದೆ. ಎರಡೂ ಗುಂಪುಗಳಲ್ಲಿ ಮುಚ್ಚಿಹೋಗುವ ಪಾಲು ಒಂದೇ ಆಗಿದ್ದರೆ ಹೋಲಿಕೆ ಉಳಿಯುತ್ತದೆ, ‘ಶೇ 95 ಮಂದಿ ಸುರಕ್ಷಿತ’ ಎಂಬ ಘೋಷಣೆ ಉಳಿಯುವುದಿಲ್ಲ. ಸಂತ್ರಸ್ತರು, ಈಗಿನ ಸಂಗಾತಿ, ಮನೆಯವರು ಹೇಳುವುದಕ್ಕೆ ಮೌಲ್ಯಮಾಪನದ ನಮೂನೆಯಲ್ಲಿ ಜಾಗವೇ ಇಲ್ಲದಿರುವುದು ದೊಡ್ಡ ಲೋಪ. ಅವರನ್ನು ಮಾತಾಡಿಸುವುದು ಅವರ ಒಪ್ಪಿಗೆಯ ಮೇಲೆ, ಬೇರೆ ತರಬೇತಾದ ಸಿಬ್ಬಂದಿಯಿಂದ, ಅಪರಾಧಿಯ ಕಡತದಿಂದ ಪ್ರತ್ಯೇಕವಾಗಿ ನಡೆಯಬೇಕು.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ಮೌಲ್ಯಮಾಪನದ ಯೋಜನೆಯನ್ನು ಕಾರ್ಯಕ್ರಮದ ಮಂಜೂರಾತಿ ಪತ್ರದಲ್ಲೇ ಸೇರಿಸಿ, ಏನನ್ನು ಯಶಸ್ಸೆಂದು ಕರೆಯುತ್ತೀರಿ ಎಂಬುದನ್ನು ಮೊದಲೇ ಪ್ರಕಟಿಸಿ. ಕಾರ್ಯಕ್ರಮ ನಡೆಸುವವರ ಕೈಗೇ ಮೌಲ್ಯಮಾಪನ ಕೊಡಬೇಡಿ. ಬಿಟ್ಟುಹೋದ ಪ್ರತಿಯೊಬ್ಬರಿಗೂ ಬಿಟ್ಟ ದಿನಾಂಕ, ಅಲ್ಲಿಯವರೆಗೆ ಹಾಜರಾದ ಗಂಟೆ, ಬಿಟ್ಟ ಕಾರಣ ಈ ಮೂರನ್ನೂ ದಾಖಲಿಸಿ. ಕಾರಣಕ್ಕೆ ‘ಸಹಕರಿಸಲಿಲ್ಲ’ ಎಂಬ ಆಯ್ಕೆಯನ್ನೇ ನಮೂನೆಯಿಂದ ತೆಗೆದುಹಾಕಿ. ಸೆಷನ್‌ಗಳ ಒಂದಷ್ಟು ಧ್ವನಿಮುದ್ರಿಕೆಗಳನ್ನು, ಭಾಗವಹಿಸುವವರಿಗೆ ಸಹಿಗೆ ಮೊದಲೇ ಸ್ಪಷ್ಟವಾಗಿ ತಿಳಿಸಿ, ಹೊರಗಿನವರಿಂದ ಪರೀಕ್ಷೆಗೆ ಒಳಪಡಿಸಿ. ದತ್ತಾಂಶದಲ್ಲಿ ಹೆಸರಿನ ಬದಲು ಸಂಕೇತ ಸಂಖ್ಯೆ ಬಳಸಿ, ಹೆಸರು ಮತ್ತು ಸಂಕೇತ ಹೊಂದಿಸುವ ಪಟ್ಟಿ ಬೇರೆಯವರ ಬೀಗದಲ್ಲಿರಲಿ. ಫಲಿತಾಂಶ ಕೆಟ್ಟದಾಗಿದ್ದರೂ ಪ್ರಕಟಿಸಿ, ಆ ಕಾರಣಕ್ಕೆ ಪ್ರಾಮಾಣಿಕವಾಗಿ ವರದಿ ಮಾಡಿದ ಕಚೇರಿಯ ಅನುದಾನ ಕಡಿಯಬೇಡಿ. ಕಡಿದರೆ ಮುಂದಿನ ಬಾರಿ ಎಲ್ಲ ಕಚೇರಿಗಳಿಂದಲೂ ಶೇ 95 ಎಂದೇ ಬರುತ್ತದೆ.

ಇದೆಲ್ಲ ಒಂದೇ ವರ್ಷದಲ್ಲಿ ಆಗುವುದಿಲ್ಲ ಎಂದು ಬಲ್ಲೆವು. ಒಂದನ್ನು ಮಾತ್ರ ಮುಂದಿನ ವರದಿಯಲ್ಲೇ ಮಾಡಬಹುದು, ಅದಕ್ಕೆ ಹೊಸ ಹಣ ಬೇಡ. ಮೊದಲ ಪುಟದ ಕೋಷ್ಟಕದಲ್ಲಿ ಐದು ಸಾಲು ಹಾಕಿಸಿ: ನ್ಯಾಯಾಲಯ ಕಳಿಸಿದವರೆಷ್ಟು, ಪ್ರವೇಶದಲ್ಲೇ ವಾಪಸು ಕಳಿಸಿದವರೆಷ್ಟು, ಶುರು ಮಾಡಿದವರೆಷ್ಟು, ಬಿಟ್ಟವರೆಷ್ಟು, ಮುಗಿಸಿದವರೆಷ್ಟು. ಪ್ರತಿ ಸಾಲಿನ ಎದುರು, ಆ ಪೈಕಿ ಮತ್ತೆ ಲೈಂಗಿಕ ಅಪರಾಧಕ್ಕೆ ಬಂಧಿತರಾದವರ ಸಂಖ್ಯೆ. ಕಡತಗಳು ನಿಮ್ಮ ಕಪಾಟಿನಲ್ಲೇ ಇವೆ.

ಇತಿ,
ನಿಮ್ಮ ವಿಶ್ವಾಸಿಗಳು,
ಈ ವರದಿಗಳನ್ನು ಬರೆಯುವ, ಓದುವ ಕೆಲಸದಲ್ಲಿರುವವರು